ತಂತಿ ಕೂಡಿಸಿ, ತಂತಿ ಕಳೆದು: ಬೇಸ್ ವಾದಕರ ಅಭಿರುಚಿಯೂ ವಾದ್ಯ ಕಟ್ಟುವವರೂ

(ಮುಂಬಯಿಯ ಮಾಟುಂಗಾದಲ್ಲಿ ಸಂಗೀತಾಸಕ್ತ ಕನ್ನಡಿಗರ ಬಳಗವೊಂದು ಸೇರಿದ್ದ ಸಂಜೆಯ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ.)

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಇಂದಿನ ಆಮಂತ್ರಣ ಪತ್ರಿಕೆಯಲ್ಲಿ ನನ್ನನ್ನು ‘ಗಿಟಾರ್ ವಾದಕ’ ಎಂದು ಅಚ್ಚು ಹಾಕಿಸಿದ್ದಾರೆ. ಬೇಸ್ ನುಡಿಸುವವರಿಗೆ ಇದು ಅಭ್ಯಾಸವಾಗಿ ಹೋಗಿರುವುದರಿಂದ ಬೇಸರವೇನಿಲ್ಲ. ಡೊಂಬಿವಲಿಯಲ್ಲಿ ಬೆಳೆದ ನಾನು ಮೊದಲು ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ, ಆಮೇಲೆ ಅಂಧೇರಿಯ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಈ ವಾದ್ಯವನ್ನೇ ನುಡಿಸುತ್ತ ಬಂದಿದ್ದೇನೆ. ಆದರೂ ನನ್ನ ಸೋದರಮಾವ ಇಂದಿಗೂ ‘ನಿನ್ನ ಗಿಟಾರಿಗೆ ಎರಡು ತಂತಿ ಯಾವಾಗ ಹಾಕಿಸುತ್ತೀಯ’ ಎಂದು ಕೇಳುತ್ತಾರೆ. ಪರಿಚಯವಿಲ್ಲದವರಿಗಾಗಿ ಇಷ್ಟು ಹೇಳಬಹುದು: ನೋಡಲು ಗಿಟಾರಿನಂತಿದ್ದರೂ ಬೇಸಿಗೆ ಸಾಮಾನ್ಯವಾಗಿ ಆರಲ್ಲ, ನಾಲ್ಕೇ ತಂತಿ; ತಂಬೂರಿಯ ಖರ್ಜದ ತಂತಿ ಮಾಡುವ ಕೆಲಸವನ್ನೂ ತಬಲಾದ ಡಗ್ಗಾ ಮಾಡುವ ಕೆಲಸವನ್ನೂ ಒಂದೇ ಕೈಗೆ ಒಪ್ಪಿಸಿದರೆ ಆಗುವುದು ಬೇಸ್. ಅದು ಹಾಡಿಗೆ ಆಧಾರಸ್ವರವನ್ನೂ ಕೊಡಬೇಕು, ಹೆಜ್ಜೆಯನ್ನೂ ಕೊಡಬೇಕು. ಇಳಯರಾಜ ಅವರು ಕನ್ನಡ ಚಿತ್ರಗಳಿಗೆ ಮಾಡಿಕೊಟ್ಟ ಹಾಡುಗಳನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳಿದವರಿಗೆ ಗಾಯಕರ ದನಿಯ ಕೆಳಗೆ ಇನ್ನೊಬ್ಬರು ಸಣ್ಣದಾಗಿ ಹಾಡುತ್ತಿರುವಂತೆ ಅನ್ನಿಸಿದ್ದರೆ, ಆ ಇನ್ನೊಬ್ಬರೇ ಬೇಸ್ ವಾದಕರು.

ನಾನು ಮಾತಾಡಬೇಕೆಂದಿರುವುದು ಈ ವಾದ್ಯವನ್ನು ಕಟ್ಟಿಸಿಕೊಳ್ಳುವ ಬಗ್ಗೆ. ಕಾಳಬಾದೇವಿಯ ಅಂಗಡಿಗೆ ಹೋದರೆ ಅದೇ ಸಂಜೆ ಒಂದು ಬೇಸನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬರಬಹುದು. ಹೀಗಿರುವಾಗ ವಾದಕನೊಬ್ಬ ಬ್ರೂಕ್ಲಿನ್‌ನಲ್ಲೋ ಪೋಲೆಂಡಿನಲ್ಲೋ ಪುಣೆಯಲ್ಲೋ ಇರುವ ಸಣ್ಣ ಕಾರ್ಯಾಗಾರವೊಂದಕ್ಕೆ ಮುಂಗಡ ಹಣ ಕಳಿಸಿ, ಒಂದೂವರೆ ವರ್ಷ ಕಾಯುವುದು ಏಕೆ? ಹೀಗೆ ಕಾದು ಪಡೆದವನು ಮುಂದಿನ ಸಲ ಅದೇ ಕಾರ್ಯಾಗಾರಕ್ಕೆ ಹೋಗದೆ ಬೇರೆ ಕಡೆ ಹೋಗುವುದು ಏಕೆ? ಹೆಸರಿನ ಹುಚ್ಚು ಎಂದು ಹೇಳಿ ಮುಗಿಸಿಬಿಡುವವರಿದ್ದಾರೆ. ಆ ಹುಚ್ಚು ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ವಾದಕನ ಕಿವಿ, ಕೈ, ಸಂಪಾದನೆಯ ದಾರಿ ಮತ್ತು ಬೆನ್ನು, ಇವು ನಾಲ್ಕೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಯಾವುದು ಮೊದಲು ಬದಲಾಯಿತೋ ಅದು ಅವನನ್ನು ಹೊಸ ಕಟ್ಟುವವನ ಬಾಗಿಲಿಗೆ ಕರೆದೊಯ್ಯುತ್ತದೆ ಎಂಬುದು ನನ್ನ ಅನುಭವ.

ನಮ್ಮ ಸೀಮೆಯ ಉದಾಹರಣೆಯೊಂದಿಗೆ ಆರಂಭಿಸುತ್ತೇನೆ. ಧಾರವಾಡ, ಹುಬ್ಬಳ್ಳಿ ಕಡೆಯ ಗಾಯಕರಿಗೆ ತಂಬೂರಿ ಎಂದರೆ ಮಿರಜದ್ದು. ಆಯುಧಗಳನ್ನು ಹದಮಾಡುತ್ತಿದ್ದ ಶಿಕಲಗಾರ ಮನೆತನದವರು 19ನೆಯ ಶತಮಾನದಲ್ಲಿ ಅಲ್ಲಿ ತಂತಿವಾದ್ಯ ಕಟ್ಟುವ ಕಸುಬಿಗೆ ಬಂದರು. ಮಿರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಅಲ್ಲಿ ತಂಬೂರಿ ಆರಿಸಲು ಹೋದವರು ಕೇಳುವುದು ಬುರುಡೆಯ ಗಾತ್ರ, ಗಂಡುದನಿಯದೋ ಹೆಣ್ಣುದನಿಯದೋ ಎಂಬುದು, ಮುಖ್ಯವಾಗಿ ಜವಾರಿ. ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ ನಾದವನ್ನು ತೆರೆಯುವ ಆ ಕೆಲಸದಲ್ಲಿ ಗಾಯಕನ ಅಭಿರುಚಿಯೆಲ್ಲ ಅಡಗಿದೆ. ವಾದ್ಯದ ಆಕಾರ ಮಾತ್ರ ಅಜ್ಜನ ಕಾಲದ್ದೇ. ಆಕಾರದ ಬಗ್ಗೆ ಎಲ್ಲರೂ ಒಪ್ಪಿಬಿಟ್ಟಿರುವುದರಿಂದ ಗಾಯಕನೂ ಕಟ್ಟುವವನೂ ತಲೆಮಾರುಗಟ್ಟಲೆ ಒಟ್ಟಿಗೆ ಉಳಿಯಲು ಸಾಧ್ಯವಾಗಿದೆ. ಬೇಸ್‌ಗೆ ಆ ಒಪ್ಪಂದ ಇನ್ನೂ ಕೂಡಿಬಂದಿಲ್ಲ. ಎಷ್ಟು ತಂತಿ ಇರಬೇಕು, ಎಷ್ಟು ಉದ್ದವಿರಬೇಕು, ಮೆಟ್ಟಿಲು ಬೇಕೋ ಬೇಡವೋ, ಬಿರಡೆಗಳನ್ನು ಕೂರಿಸುವ ತಲೆ ಇರಬೇಕೋ ಬೇಡವೋ ಎಂಬುದೂ ಇನ್ನೂ ಚರ್ಚೆಯಲ್ಲಿರುವ ಎಳೆಯ ವಾದ್ಯವಿದು.

1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ಎಂಬುದನ್ನು ಮಾರುಕಟ್ಟೆಗೆ ತಂದರು. ಅದಕ್ಕಿಂತ ಮೊದಲು ಇಂಥ ಪ್ರಯತ್ನಗಳು ನಡೆದಿದ್ದವು, ಆದರೆ ಜಗತ್ತು ಒಪ್ಪಿಕೊಂಡದ್ದು ಇದನ್ನು. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುತ್ತಿದ್ದವರಿಗೆ ಹೆಗಲಿಗೆ ಹಾಕಿಕೊಳ್ಳುವ ವಾದ್ಯ ಸಿಕ್ಕಿತು. ವೀಣೆಯಂತೆ ಮೆಟ್ಟಿಲುಗಳಿದ್ದುದರಿಂದ ಸ್ವರಸ್ಥಾನ ನಿಖರವಾಗಿ ಸಿಗುತ್ತದೆಂಬುದೇ ಆ ಹೆಸರಿನ ಅರ್ಥ. ನಾಲ್ಕು ತಂತಿ, ನುಡಿಯುವ ಉದ್ದ 34 ಅಂಗುಲ. ನಾವು ನೆಕ್ ಎನ್ನುವ, ವೀಣೆಯವರು ದಂಡಿ ಎನ್ನುವ ಭಾಗವನ್ನು ಒಡಲಿಗೆ ನಾಲ್ಕು ಸ್ಕ್ರೂಗಳಿಂದ ಬಿಗಿದಿದ್ದರು. ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದಿತ್ತು. 1960ರಲ್ಲಿ ನೆಕ್ಕಿನ ತುದಿ ಇನ್ನಷ್ಟು ಕಿರಿದಾದ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗಳು ಎರಡಿದ್ದ ‘ಜಾಝ್ ಬೇಸ್’ ಬಂದಿತು. ಮುಂದಿನ ಹತ್ತು ವರ್ಷ ಬಹುಪಾಲು ವಾದಕರ ಆಯ್ಕೆ ಈ ಎರಡರ ನಡುವೆಯೇ ಇತ್ತು. ಅಮೆರಿಕದ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ಅಂಗಡಿಯಲ್ಲಿ ಸಿಗುತ್ತಿದ್ದ ಪ್ರಿಸಿಷನ್ ಬೇಸಿಗೆ ಚಪ್ಪಟೆ ಸುತ್ತಿನ ತಂತಿ ಹಾಕಿ, ಅದು ಮಾಸಿದಷ್ಟೂ ಒಳ್ಳೆಯದೆಂಬಂತೆ ನುಡಿಸಿದರು. ವಾದ್ಯ ಇದ್ದಂತೆಯೇ ಇತ್ತು, ಅಭಿರುಚಿ ಅದಕ್ಕೆ ಹೊಂದಿಕೊಂಡಿತು.

ಈ ಹೊಂದಾಣಿಕೆ ಮೊದಲು ಮುರಿದದ್ದು ಸ್ಯಾನ್ ಫ್ರಾನ್ಸಿಸ್ಕೊ ಕಡೆಯಲ್ಲಿ. ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಬಳಗದಲ್ಲಿದ್ದವರು 1969ರಲ್ಲಿ ಆರಂಭಿಸಿದ ಅಲೆಂಬಿಕ್ ಎಂಬ ಕಾರ್ಯಾಗಾರ, ವಾದ್ಯದ ಒಡಲಿನೊಳಗೇ ಪಿಕಪ್ಪಿನ ಸಂಕೇತವನ್ನು ಬಲಪಡಿಸುವ, ಬ್ಯಾಟರಿಯಿಂದ ನಡೆಯುವ ಪ್ರಿ-ಆಂಪ್ ಕೂರಿಸಿ, ಆಯ್ದ ಮರಗಳ ಪದರಗಳನ್ನು ಅಂಟಿಸಿ ಬೇಸ್ ಕಟ್ಟಿತು. ಬೇಸ್ ಹಿಂದೆ ನಿಂತು ತಾಳ ಕೊಡುವುದಕ್ಕೆ ಮಾತ್ರವಲ್ಲ, ಮುಂದೆ ಬಂದು ಮಾತಾಡಲೂ ಬೇಕೆಂಬ ಆಸೆ ಆ ಹೊತ್ತಿಗೆ ಹುಟ್ಟಿತ್ತು. ಸ್ಟ್ಯಾನ್ಲಿ ಕ್ಲಾರ್ಕ್ ಅವರ ಕೈಯಲ್ಲಿ ಅಲೆಂಬಿಕ್ ಆ ಆಸೆಯ ದನಿಯೇ ಆಯಿತು. ಇದೇ ಕಾಲದಲ್ಲಿ ಜ್ಯಾಕೊ ಪಾಸ್ಟೋರಿಯಸ್ 1962ರ ಜಾಝ್ ಬೇಸೊಂದರ ಮೆಟ್ಟಿಲುಗಳನ್ನೇ ತೆಗೆದು, ಮರದ ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದು, 1976ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ನುಡಿಸಿದರು. ಈ ಸಭೆಯಲ್ಲಿ ಗೋಟುವಾದ್ಯ ಕೇಳಿದವರಿಗೆ ಮೆಟ್ಟಿಲಿಲ್ಲದ ವಾದ್ಯದ ರುಚಿ ಹೇಳಿಕೊಡಬೇಕಾಗಿಲ್ಲ. ನಮ್ಮ ದೇಶದ ಬೇಸ್ ವಾದಕರಲ್ಲಿ ಬಹಳ ಮಂದಿ ಒಂದಲ್ಲ ಒಂದು ಕಾಲದಲ್ಲಿ ಫ್ರೆಟ್‌ಲೆಸ್ ಕಡೆಗೆ ವಾಲುವುದು ಜ್ಯಾಕೊ ಅವರಿಂದ ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ಚಿಕ್ಕಂದಿನಿಂದ ಕಿವಿಗೆ ಬಿದ್ದ ಗಮಕ, ಮೀಂಡುಗಳೂ ಕಾರಣ. ಹಾಗೆ ವಾಲಿದ ಮೇಲೆ ಕಟ್ಟುವವನನ್ನು ಆರಿಸುವ ಮಾನದಂಡವೇ ಬದಲಾಗುತ್ತದೆ. ಪಿಕಪ್ ಯಾವುದು ಎಂಬುದು ಹಿಂದೆ ಸರಿದು, ಬೆರಳು ಒತ್ತುವ ಫಿಂಗರ್‌ಬೋರ್ಡಿನ ಹಲಗೆ ಎಷ್ಟು ಗಟ್ಟಿ, ಒರಟು ಸುತ್ತಿನ ತಂತಿ ಅದನ್ನು ಎಷ್ಟು ಬೇಗ ಕೊರೆಯುತ್ತದೆ, ಕೊರೆದಾಗ ಮತ್ತೆ ಸಮಮಾಡಬಲ್ಲವರು ಹತ್ತಿರದಲ್ಲಿದ್ದಾರೆಯೇ ಎಂಬ ಪ್ರಶ್ನೆಗಳು ಮುಂದೆ ಬರುತ್ತವೆ.

ಒಬ್ಬ ವಾದಕನ ಹಟ ಕಟ್ಟುವವರ ಚರಿತ್ರೆಯನ್ನೇ ತಿದ್ದಿದ ಉದಾಹರಣೆಯಾಗಿ ಆಂಟನಿ ಜ್ಯಾಕ್ಸನ್ ಅವರನ್ನು ಸ್ವಲ್ಪ ವಿವರವಾಗಿ ನೋಡಬೇಕು. ಗಿಟಾರಿಗೆ ಆರು ತಂತಿ ಇರುವಾಗ ಅದೇ ಕುಟುಂಬದ ಮಂದ್ರ ವಾದ್ಯಕ್ಕೆ ನಾಲ್ಕೇ ಏಕೆ ಎಂಬುದು ಅವರ ಪ್ರಶ್ನೆ. ಕೆಳಗೊಂದು, ಮೇಲೊಂದು ತಂತಿ ಕೂಡಿಸಿ ‘ಕಾಂಟ್ರಾಬೇಸ್ ಗಿಟಾರ್’ ಎಂದು ತಾವೇ ಹೆಸರಿಟ್ಟ ವಾದ್ಯವನ್ನು 1975ರಲ್ಲಿ ಕಾರ್ಲ್ ಥಾಂಪ್ಸನ್ ಅವರಿಂದ ಕಟ್ಟಿಸಿದರು. ತಂತಿಗಳು ತೀರ ಒತ್ತೊತ್ತಾಗಿದ್ದವು. ಬಲಗೈ ಆಡಲು ಜಾಗ ಸಾಲಲಿಲ್ಲ. ಮುಂದೆ ಕೆನ್ ಸ್ಮಿತ್ ಅವರ ಬಳಿ ಹೋದರು. ಆಮೇಲೆ, ಸ್ಮಿತ್ ಅವರ ಜೊತೆ ಕೆಲಸ ಮಾಡಿದ್ದ ವಿನಿ ಫೊಡೆರಾ, ಜೋಯಿ ಲಾರಿಸೆಲಾ ಇಬ್ಬರೂ 1983ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಆರಂಭಿಸಿದ ಫೊಡೆರಾ ಕಾರ್ಯಾಗಾರಕ್ಕೆ ಹೋದರು. ಅಲ್ಲಿ ಒಂದರ ಮೇಲೊಂದು ಮಾದರಿ ಕಟ್ಟುತ್ತ ಹೋದರು. ನುಡಿಯುವ ಉದ್ದ 36 ಅಂಗುಲಕ್ಕೆ ಬೆಳೆಯಿತು, ನೆಕ್ ಬಾಗದಂತೆ ಒಡಲಿನ ಮೇಲ್ಭಾಗವನ್ನು ಅದರ ಜೊತೆಗೇ ಬೆಳೆಸಿ ಒಂದೇ ಬದಿಗೆ ಕತ್ತರಿಸುವ ಆಕಾರ ರೂಪುಗೊಂಡಿತು. ಇಂದು ಊರೂರಿನ ಸಣ್ಣ ಕಟ್ಟುವವರೂ ‘ಸಿಂಗಲ್ ಕಟ್’ ಎಂದು ಮಾಡಿಕೊಡುವ ವಿನ್ಯಾಸದ ಹಿಂದೆ ಒಬ್ಬರ ಅತೃಪ್ತಿ ಇದೆ. ಕಟ್ಟುವವರನ್ನು ಬದಲಾಯಿಸುತ್ತ ಹೋದ ಜ್ಯಾಕ್ಸನ್ ಅವರ ಕಲ್ಪನೆ ಮಾತ್ರ ಬದಲಾಗಲಿಲ್ಲವೆಂಬುದನ್ನು ಗಮನಿಸಬೇಕು. ಅಂಥವರು ವಿರಳ. ನಮ್ಮಂಥವರ ವಿಷಯದಲ್ಲಿ ಕಲ್ಪನೆಯೇ ಬದಲಾಗಿ ಕಟ್ಟುವವನು ಪಾಪ ನಿಂತಲ್ಲೇ ನಿಂತಿರುತ್ತಾನೆ.

ನ್ಯೂಯಾರ್ಕಿನಲ್ಲೇ, ಅದೇ ಸುಮಾರಿಗೆ, ಇದಕ್ಕೆ ತೀರ ವಿರುದ್ಧವಾದ ದಾರಿಯೊಂದು ತೆರೆಯಿತು. 1979ರಲ್ಲಿ ಕಾರ್ಯಾಗಾರ ಆರಂಭಿಸಿದ ರೋಜರ್ ಸಡಾವ್‌ಸ್ಕಿ ಹೊಸ ಆಕಾರ ಹುಡುಕಲಿಲ್ಲ. ಮಾರ್ಕಸ್ ಮಿಲ್ಲರ್ ಅವರ 1977ರ ಜಾಝ್ ಬೇಸಿಗೆ ಪ್ರಿ-ಆಂಪ್ ಕೂರಿಸಿ, ಇದ್ದುದನ್ನೇ ಸ್ಟುಡಿಯೋ ಕೆಲಸಕ್ಕೆ ಒಗ್ಗಿಸಿಕೊಟ್ಟರು. ದಿನಕ್ಕೆ ಮೂರು ಕಡೆ ರೆಕಾರ್ಡಿಂಗ್‌ಗೆ ಓಡುವ ವಾದಕನಿಗೆ ಬೇಕಾದದ್ದು ಗದ್ದಲ ಮಾಡದ, ಶ್ರುತಿ ತಪ್ಪದ, ಇಂಜಿನಿಯರ್ ತಲೆ ಕೆರೆದುಕೊಳ್ಳದಂಥ ವಾದ್ಯ. ಫೊಡೆರಾ ಕಡೆಗೆ ಹೋಗುವವರೂ ಸಡಾವ್‌ಸ್ಕಿ ಕಡೆಗೆ ಹೋಗುವವರೂ ಎರಡು ಜಾತಿಯವರೆಂದು ನಾನು ಬಹಳ ಕಾಲ ತಿಳಿದಿದ್ದೆ. ಒಬ್ಬನೇ ಮನುಷ್ಯನ ಎರಡು ವಯಸ್ಸುಗಳೆಂದು ಈಗ ಅನ್ನಿಸುತ್ತದೆ.

ಬೇಸ್ ವಾದಕ ಪೀನೊ ಪಲಡೀನೊ ಅವರನ್ನು ನೋಡಿ. ಎಂಬತ್ತರ ದಶಕದ ಆರಂಭದಲ್ಲಿ ಮೆಟ್ಟಿಲಿಲ್ಲದ ಮ್ಯೂಸಿಕ್ ಮ್ಯಾನ್ ಬೇಸ್ ಹಿಡಿದು, ಹಾಡುಗಾರನ ಪಕ್ಕದಲ್ಲಿ ಇನ್ನೊಂದು ಹಾಡನ್ನೇ ಹಾಡುತ್ತಿದ್ದವರು ಅವರು. 2000ನೆಯ ಇಸವಿಯಲ್ಲಿ ಹೊರಬಂದ, ಗಾಯಕ ಡಿ’ಏಂಜೆಲೊ ಅವರ ಆಲ್ಬಮ್ಮಿಗೆ ನುಡಿಸುವಾಗ ಪ್ರಿಸಿಷನ್ ಬೇಸ್, ಚಪ್ಪಟೆ ಸುತ್ತಿನ ತಂತಿ, ತಾಳಕ್ಕಿಂತ ಒಂದು ಗುಟುಕು ಹಿಂದೆ ಬೀಳುವ ಮಂದಗತಿ. ಅಂದರೆ ಜೇಮರ್ಸನ್ ಇದ್ದ ಮನೆಗೆ ಬೇರೆ ಬಾಗಿಲಿನಿಂದ ಮರಳಿದ್ದರು. ಆ ಒಂದು ಆಲ್ಬಮ್ ಕೇಳಿದ ಮೇಲೆ ನನ್ನ ತಲೆಮಾರಿನ ಎಷ್ಟು ಮಂದಿ ತಮ್ಮ ಐದು, ಆರು ತಂತಿಯ ವಾದ್ಯಗಳನ್ನು ಮಂಚದ ಕೆಳಗೆ ಸರಿಸಿದರೋ! ನಾದ ತಿದ್ದುವ ಗುಂಡಿಗಳು ಹೆಚ್ಚಿರುವ ವಾದ್ಯ ಕಟ್ಟಿ ಹೆಸರು ಮಾಡಿದ್ದ ಕಾರ್ಯಾಗಾರಗಳೂ ಆಮೇಲಾಮೇಲೆ ಬ್ಯಾಟರಿಯಿಲ್ಲದ, ಹಳೆಯ ಮಾದರಿಯ ನಾಲ್ಕು ತಂತಿಯ ಬೇಸನ್ನು ತಮ್ಮ ಪಟ್ಟಿಗೆ ಸೇರಿಸಿಕೊಂಡವು. ಬೇಸ್ ವಾದಕ ಜೋ ಡಾರ್ಟ್ ಅವರ ಹೆಸರಿನಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿ ಮೊದಲು ಹೊರತಂದ ಬೇಸಿನಲ್ಲಿ ಇರುವುದು ಒಂದೇ ಗುಂಡಿ, ಅದೂ ದನಿ ಏರಿಳಿಸಲು ಮಾತ್ರ.

ನನ್ನ ಕಥೆಯನ್ನೂ ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ನಾನು ಕಟ್ಟಿದ ದಂಡ ಸಣ್ಣದಲ್ಲ. 2004ರಲ್ಲಿ, ಆರು ತಂತಿಯ ವಾದಕರನ್ನು ಕೇಳಿ ಕೇಳಿ ತಲೆ ತಿರುಗಿದ್ದ ದಿನಗಳಲ್ಲಿ, ವಿದೇಶದ ಕಾರ್ಯಾಗಾರವೊಂದಕ್ಕೆ ಬೇಡಿಕೆ ಸಲ್ಲಿಸಿದೆ. ಮೇಲ್ಪದರಕ್ಕೆ ಹುಲಿಪಟ್ಟೆಯಂಥ ನೆರಿಗೆಯ ಮೇಪಲ್, ನೆಕ್ಕಿಗೆ ಮೂರು ಜಾತಿಯ ಮರ, ಐದು ಗುಂಡಿ. ಹದಿನಾಲ್ಕು ತಿಂಗಳು ಎಂದವರು ಇಪ್ಪತ್ತೆರಡು ತಿಂಗಳು ತೆಗೆದುಕೊಂಡರು. ಸುಂಕ ಕಟ್ಟಿ ಪೆಟ್ಟಿಗೆ ಬಿಡಿಸಿಕೊಂಡು ಮನೆಗೆ ತಂದಾಗ ಅಮ್ಮ ಆರತಿಯೊಂದನ್ನು ಎತ್ತಲಿಲ್ಲ, ಉಳಿದ ಉಪಚಾರವೆಲ್ಲ ಆಯಿತು. ವಾದ್ಯದಲ್ಲಿ ಕೆಲಸದ ದೋಷ ಕಡ್ಡಿಯಷ್ಟೂ ಇರಲಿಲ್ಲ. ಆದರೆ ಆ ಇಪ್ಪತ್ತೆರಡು ತಿಂಗಳಲ್ಲಿ ನನ್ನ ಸಂಪಾದನೆ ಆರ್ಕೆಸ್ಟ್ರಾದಿಂದ ಜಾಹೀರಾತು ಜಿಂಗಲ್‌ಗಳಿಗೆ ಸರಿದಿತ್ತು; ಅಲ್ಲಿ ಮೂವತ್ತು ಸೆಕೆಂಡಿನಲ್ಲಿ ಬೇಸ್ ತನ್ನ ಜಾಗದಲ್ಲಿ ಕೂತು ಸುಮ್ಮನಿರಬೇಕಿತ್ತು. ಮೊದಲ ದಿನವೇ ಸಂಗೀತ ಸಂಯೋಜಕರು, ‘ಅಣ್ಣಾ, ಚೆನ್ನಾಗಿದೆ, ಆದರೆ ಆ ಹಳೆಯದನ್ನು ತಂದಿಲ್ಲವಾ?’ ಎಂದರು. ಅವರು ಬಂಟ್ವಾಳದ ಕಡೆಯವರು, ಮಾತಿನಲ್ಲಿ ಮೃದು. ಬೇರೆಯವರಾಗಿದ್ದರೆ ಇನ್ನೂ ಖಾರವಾಗಿ ಹೇಳುತ್ತಿದ್ದರು. ಬೇಡಿಕೆ ಸಲ್ಲಿಸಿದವನು ಒಬ್ಬ, ವಾದ್ಯ ಪಡೆದವನು ಇನ್ನೊಬ್ಬ ಆಗಿದ್ದ. ಕಟ್ಟಿದವರು ಮೊದಲಿನವನ ಮಾತನ್ನು ಅಕ್ಷರಶಃ ನಡೆಸಿಕೊಟ್ಟಿದ್ದರು.

ಮುಂಬಯಿಯಲ್ಲಿ ಅಭಿರುಚಿಯನ್ನು ತಿದ್ದುವ ಇನ್ನೊಂದು ಶಕ್ತಿ ಇದೆ: ಲೋಕಲ್ ಟ್ರೇನು. ಸಾಧಾರಣ ಜಾಝ್ ಬೇಸಿನ ತೂಕ ನಾಲ್ಕು ಕಿಲೋ ಮೀರುತ್ತದೆ. ಚೀಲ, ಪೆಡಲ್, ಕೇಬಲ್ ಸೇರಿದರೆ ಆರೇಳು ಕಿಲೋ. ಬೆಳಗಿನ ಗಡಿಬಿಡಿಯಲ್ಲಿ ಡೊಂಬಿವಲಿಯಲ್ಲಿ ಹತ್ತಿ, ದಾದರಿನಲ್ಲಿ ಸೇತುವೆ ದಾಟಿ ಪಶ್ಚಿಮ ರೈಲ್ವೆ ಹಿಡಿಯುವಾಗ ಚೀಲದಿಂದ ಮೇಲೆದ್ದ ಬೇಸಿನ ತಲೆ ಎಷ್ಟು ಜನರ ಕನ್ನಡಕ ತಟ್ಟಿದೆಯೋ ದೇವರಿಗೇ ಗೊತ್ತು. 1980ರ ಸುಮಾರಿಗೆ ನೆಡ್ ಸ್ಟೈನ್‌ಬರ್ಗರ್ ಗ್ರಾಫೈಟ್ ಬಳಸಿ, ತಲೆಯನ್ನೇ ತೆಗೆದು, ಬಿರಡೆಗಳನ್ನು ಒಡಲಿನ ತುದಿಗೆ ಇಳಿಸಿ ಬೇಸ್ ಮಾಡಿದಾಗ ಅದನ್ನು ದೋಣಿಯ ಹುಟ್ಟಿಗೆ ಹೋಲಿಸಿ ನಕ್ಕವರಿದ್ದರು. ನಾನೂ ಫೋಟೋ ನೋಡಿ ನಕ್ಕವನೇ. ನಲವತ್ತೈದು ದಾಟಿ ಬೆನ್ನಿನ ಎಲುಬು ತನ್ನ ಅಭಿಪ್ರಾಯ ಹೇಳತೊಡಗಿದ ಮೇಲೆ ಆ ನಗು ನಿಂತಿತು. ಇಂದು ನನ್ನ ವಯಸ್ಸಿನವರು ಕಟ್ಟುವವನಿಗೆ ಕೇಳುವ ಮೊದಲ ಪ್ರಶ್ನೆ ನಾದದ್ದಲ್ಲ, ತೂಕದ್ದು. ಒಡಲಿನೊಳಗೆ ಟೊಳ್ಳು ಬಿಡುತ್ತೀರಾ, ಬೆಲ್ಟ್ ಹಾಕಿ ನಿಂತಾಗ ನೆಕ್ ಕೆಳಗೆ ಜಗ್ಗುತ್ತದೆಯೇ ಎಂದು ವಿಚಾರಿಸುತ್ತೇವೆ. ಹೀಗೆ ಬೆನ್ನುನೋವಿನಿಂದ ಹಗುರ ವಾದ್ಯಕ್ಕೆ ಹೋದವನು, ಅದರ ತುಸು ಪೊಳ್ಳಾದ, ಬೇಗ ಅಡಗುವ ನಾದಕ್ಕೆ ನಿಧಾನವಾಗಿ ಮನಸೋಲುತ್ತಾನೆ; ಆಮೇಲೆ ಅದು ತನ್ನದೇ ಅಭಿರುಚಿಯೆಂದು ವಾದ ಬೇರೆ ಮಾಡುತ್ತಾನೆ.

ಕಿರಿಯರ ಒತ್ತಡ ಬೇರೆ. ಐದನೆಯ ತಂತಿಯ ತೆರೆದ ಸ್ವರ ಸುಮಾರು 31 ಹರ್ಟ್ಸ್. ನಾಲ್ಕು ತಂತಿಯ ಬೇಸಿನ ಅತಿ ಕೆಳಗಿನ ಸ್ವರ ಸುಮಾರು 41. ಎಂಬತ್ತರ ದಶಕದಲ್ಲಿ ಸಿಂಥಸೈಜರ್ ಆ ಆಳಕ್ಕೆ ಇಳಿದು ಬೇಸ್ ವಾದಕರ ಕೆಲಸ ಕಸಿಯತೊಡಗಿದಾಗ ಐದು ತಂತಿಯ ವಾದ್ಯಗಳು ಹೆಚ್ಚಿದವು. ಅದೇ ಉದ್ದದಲ್ಲಿ ಅಷ್ಟು ಕೆಳಗಿನ ತಂತಿ ಸಡಿಲವಾಗಿ ಒದರುತ್ತದೆ. ಕೆನಡಾದ ಶೆಲ್ಡನ್ ಡಿಂಗ್‌ವಾಲ್ ಮೆಟ್ಟಿಲುಗಳನ್ನು ಬೀಸಣಿಗೆಯಂತೆ ಹರಡಿ, ಕೆಳಗಿನ ತಂತಿಗೆ 37 ಅಂಗುಲ, ಮೇಲಿನದಕ್ಕೆ 34 ಅಂಗುಲ ಉದ್ದ ಕೊಟ್ಟು ಇದಕ್ಕೆ ಉತ್ತರ ಹುಡುಕಿದರು. ಪುಣೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆವಿ ಮೆಟಲ್ ಸಂಗೀತ ನುಡಿಸುವ ಹುಡುಗರಿಗೆ ಆ ಬೀಸಣಿಗೆಯೇ ಆದರ್ಶ. ಮುಂಬಯಿಯಲ್ಲೇ ಬೆಳೆದ ಬೇಸ್ ವಾದಕಿ ಮೋಹಿನಿ ಡೇ ಅವರನ್ನು ನೋಡಿ ಕಲಿತವರು ಪೋಲೆಂಡಿನ ಮೇಯೋನ್ಸ್ ಕಾರ್ಯಾಗಾರದ ಹೆಸರು ಹೇಳುತ್ತಾರೆ. ವಿಚಿತ್ರವೆಂದರೆ ಇವರ ಸಂಗೀತವನ್ನು ಹೆಚ್ಚಿನವರು ಕೇಳುವುದು ಫೋನಿನಲ್ಲಿ. ಅದರ ಸ್ಪೀಕರ್ 31 ಹರ್ಟ್ಸನ್ನು ಹೊರಡಿಸುವುದೇ ಇಲ್ಲ. ಮೇಲಿನ ಅನುಸ್ವರಗಳಿಂದ ಕಿವಿ ಕೆಳಗಿನದನ್ನು ಊಹಿಸಿಕೊಳ್ಳುತ್ತದೆ. ಹಾಗಾಗಿ ಆಳಕ್ಕಾಗಿ ಕಟ್ಟಿಸಿದ ವಾದ್ಯದಲ್ಲಿ ಈಗ ಎಲ್ಲರೂ ಹುಡುಕುವುದು ನಡುವಿನ ನಾದದ ಗರಗಸದಂಥ ಅಂಚನ್ನು.

ಮರದ ವಿಷಯದಲ್ಲಿ ನಮಗೊಂದು ಸಂಬಂಧವಿದೆ. ಜಗತ್ತಿನ ಎಷ್ಟೋ ಗಿಟಾರುಗಳ, ಬೇಸುಗಳ ಫಿಂಗರ್‌ಬೋರ್ಡ್ ಇಂಡಿಯನ್ ರೋಸ್‌ವುಡ್‌ನದು. ಅದು ನಮ್ಮ ಮಲೆನಾಡಿನ ಬೀಟೆ ಮರವೇ. ಆ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರ ಜನವರಿಯಲ್ಲಿ ಪರವಾನಗಿಯ ನಿರ್ಬಂಧ ಬಂದಾಗ ತಯಾರಕರು ಪೌ ಫೆರೊ ಮೊದಲಾದ ಬದಲಿ ಮರಗಳಿಗೆ ಹೋದರು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಡುವಿನ ಸುಮಾರು ಮೂರು ವರ್ಷಗಳಲ್ಲಿ ‘ಬೀಟೆಯಿಲ್ಲದೆ ನಾದವಿಲ್ಲ’ ಎನ್ನುತ್ತಿದ್ದವರೇ ಬೇರೆ ಮರಕ್ಕೆ ಒಗ್ಗಿದರು. ಮರದ ನಾದದ ಬಗ್ಗೆ ವಾದಕರು ಹೇಳುವುದನ್ನೆಲ್ಲ ನಾನು ಅರ್ಧಕ್ಕೆ ಇಳಿಸಿ ಕೇಳುತ್ತೇನೆ. ಆದರೆ ನಮ್ಮ ಮಳೆಗಾಲದ ವಿಷಯದಲ್ಲಿ ಪೂರ್ತಿ ಕೇಳುತ್ತೇನೆ. ಒಣಹವೆಯಲ್ಲಿ ಹದಗೊಂಡ ನೆಕ್ ಜುಲೈ ತಿಂಗಳ ಮುಂಬಯಿಯಲ್ಲಿ ತೇವ ಹೀರಿ ಬಾಗುತ್ತದೆ, ತಂತಿ ಮೆಟ್ಟಿಲಿನಿಂದ ಮೇಲೇಳುತ್ತದೆ; ನೆಕ್ಕಿನೊಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಬಿಗಿದು ಸರಿಮಾಡಿದರೆ ಡಿಸೆಂಬರಿನಲ್ಲಿ ಮತ್ತೆ ಸಡಿಲಿಸಬೇಕು. ಹುರಿದ ಮೇಪಲ್ ನೆಕ್ಕೂ ಒಳಗೆ ಕಾರ್ಬನ್ ಕಡ್ಡಿ ಕೂರಿಸುವುದೂ ಹೊರದೇಶದವರಿಗೆ ರುಚಿಯ ಪ್ರಶ್ನೆ ಇರಬಹುದು, ನಮಗೆ ಅದು ಅಗತ್ಯ.

ಈ ಕಾರಣದಿಂದಲೇ ನನ್ನ ಈಗಿನ ವಾದ್ಯಕ್ಕಾಗಿ ಪುಣೆಯ ಯುವಕನೊಬ್ಬನ ಬಳಿ ಹೋದೆ. ಪೀಠೋಪಕರಣದ ಕೆಲಸ ಮಾಡುವ ಶೆಡ್ಡಿನ ಹಿಂಭಾಗದಲ್ಲಿ ಆತ ವರ್ಷಕ್ಕೆ ಕೈಬೆರಳೆಣಿಕೆಯಷ್ಟು ವಾದ್ಯ ಕಟ್ಟುತ್ತಾನೆ. ಯಾವ ಮರ, ಯಾವ ಪಿಕಪ್ ಬೇಕೆಂದು ನಾನು ಬರೆದುಕೊಂಡು ಹೋಗಿದ್ದ ಚೀಟಿಯನ್ನು ಆತ ಬಿಡಿಸಿಯೂ ನೋಡಲಿಲ್ಲ. ‘ಕಾಕಾ, ಇದುವರೆಗೆ ನೀವು ಯಾವ ಯಾವ ಬೇಸ್ ಮಾರಿದ್ದೀರಿ, ಏಕೆ ಮಾರಿದಿರಿ?’ ಎಂದು ಕೇಳಿದ. ಮೂವತ್ತು ವರ್ಷದಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಒಂದು ತಾಸು ಹೇಳಿದೆ. ಒಂದು ಭಾರವೆಂದು, ಒಂದು ರೆಕಾರ್ಡಿಂಗಿನಲ್ಲಿ ಕೇಳುವುದಿಲ್ಲವೆಂದು, ಒಂದು ಮಗಳ ಶುಲ್ಕಕ್ಕೆಂದು, ಇನ್ನೊಂದು ನೋಡಿದರೆ ನಾಚಿಕೆಯಾಗುತ್ತದೆಂದು. ಎಲ್ಲವನ್ನೂ ಬರೆದುಕೊಂಡು, ಮಗಳ ಶುಲ್ಕದ್ದನ್ನು ಮಾತ್ರ ಹೊಡೆದುಹಾಕಿದ. ಉಳಿದದ್ದರಿಂದ ನಾಲ್ಕು ತಂತಿ, 34 ಅಂಗುಲ, ಟೊಳ್ಳು ಬಿಟ್ಟ ಒಡಲು, ಎರಡು ಗುಂಡಿ ಎಂಬಲ್ಲಿಗೆ ಬಂದು ನಿಂತೆವು. ಹೆಗಲ ಭಾಗದ ಇಳಿಜಾರನ್ನು ಮಾತ್ರ ನನ್ನ ಹಳೆಯ ಆರು ತಂತಿಯದರಿಂದ ಅಳೆದುಕೊಂಡ. ಅದೊಂದು ಅದರಲ್ಲಿ ಸರಿಯಾಗಿದೆಯೆಂದ.

ಮರಗೆಲಸ ಮೇ ತಿಂಗಳಲ್ಲೇ ಮುಗಿದಿದೆ. ಮಳೆಗಾಲದ ತೇವದಲ್ಲಿ ಲ್ಯಾಕರ್ ಬಳಿದರೆ ಮೇಲ್ಮೈ ಹಾಲಿನಂತೆ ಮಂಜುಗಟ್ಟುವುದರಿಂದ ಗಣಪತಿ ಹಬ್ಬ ಮುಗಿಯುವವರೆಗೆ ಬಣ್ಣಕ್ಕೆ ಕೈ ಹಾಕುವುದಿಲ್ಲವೆಂದು ಹೇಳಿದ್ದಾನೆ. ಅದಕ್ಕೇ ಇವತ್ತು ತೋರಿಸಲು ಆ ಹಳೆಯ ಆರು ತಂತಿಯದನ್ನೇ ತಂದಿದ್ದೇನೆ. ಮೂಲೆಯಲ್ಲಿದೆ, ನೋಡಬೇಕೆನಿಸಿದವರು ಎತ್ತಿ ನೋಡಬಹುದು. ಭಾರವಿದೆ, ಎರಡು ಕೈಯಲ್ಲಿ ಹಿಡಿಯಿರಿ.